ಕೈಚಿಕಿತ್ಸೆ ಮಾಡಿಸಿದರೆ ಒಂದೆರಡು ದಿನ ಆರಾಮ, ಮತ್ತೆ ಅದೇ ಸೊಂಟನೋವು: ಮುಂದುವರಿಸಲೋ ಬಿಡಲೋ?

ಸಂಜೆಗೆಂಪು:

ನಮಸ್ಕಾರ. ನನ್ನದು ಹೊಲಿಗೆ ಕೆಲಸ. ವಯಸ್ಸು ನಲವತ್ತು ದಾಟಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಕಟಿಂಗ್ ಟೇಬಲ್ ಮೇಲೆ ಬಗ್ಗಿರುತ್ತೇನೆ, ಆಮೇಲೆ ಸಂಜೆಯವರೆಗೆ ಮೆಷಿನ್ ಮುಂದೆ. ಹೋದ ವರ್ಷದಿಂದ ಸೊಂಟದ ಬಲಗಡೆ, ಬೆಲ್ಟ್ ಬರುವ ಜಾಗಕ್ಕಿಂತ ಸ್ವಲ್ಪ ಕೆಳಗೆ ನೋವು. ಎದ್ದ ತಕ್ಷಣ ಹಿಡಿದುಕೊಂಡಿರುತ್ತದೆ, ಓಡಾಡಿದರೆ ಬಿಡುತ್ತದೆ, ಬಹಳ ಹೊತ್ತು ಕೂತು ಎದ್ದರೆ ಮತ್ತೆ ಶುರು. ಕೆಲವೊಮ್ಮೆ ಪೃಷ್ಠದವರೆಗೂ ಇಳಿಯುತ್ತದೆ.

ವೈದ್ಯರಿಗೆ ತೋರಿಸಿದೆ. ಗಾಬರಿಪಡುವಂಥದ್ದೇನಿಲ್ಲ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ಇರುವಷ್ಟು ದಿನ ಪರವಾಗಿಲ್ಲ. ಆಮೇಲೆ ಗೊತ್ತಿದ್ದವರು ಹೇಳಿದರೆಂದು ಆಸ್ಟಿಯೋಪತಿ, ಅಂದರೆ ಎಲುಬು ಸ್ನಾಯುಗಳಿಗೆ ಕೈಯಿಂದಲೇ ಚಿಕಿತ್ಸೆ, ಮಾಡುವವರೊಬ್ಬರ ಹತ್ತಿರ ಹೋಗತೊಡಗಿದೆ. ಅವರು ನನ್ನನ್ನು ಮಲಗಿಸಿ, ಎರಡೂ ಹಿಮ್ಮಡಿ ಜೋಡಿಸಿ ನೋಡಿ, ‘ಬಲಗಾಲು ಗಿಡ್ಡವಾಗಿದೆ, ಸೊಂಟದ ಎಲುಬು ಜಾಗ ಬಿಟ್ಟು ಜರುಗಿದೆ, ಕೂರಿಸಬೇಕು’ ಎಂದರು. ಪಕ್ಕಕ್ಕೆ ಮಲಗಿಸಿ, ಮೇಲಿನ ಕಾಲು ಮಡಿಸಿ, ಭುಜ ಒಂದು ಕಡೆ ಸೊಂಟ ಒಂದು ಕಡೆ ತಿರುವಿ ಒತ್ತುತ್ತಾರೆ. ಲಟಕ್ ಎನ್ನುತ್ತದೆ. ಎದ್ದು ನಿಂತರೆ ನಿಜವಾಗಿಯೂ ಹಗುರ. ಆ ರಾತ್ರಿ ಒಳ್ಳೆಯ ನಿದ್ದೆ. ಆದರೆ ಒಂದೆರಡು ದಿನದಲ್ಲಿ ನೋವು ಮತ್ತೆ ಬಂದು ಕೂರುತ್ತದೆ. ಹೋಗಿ ಕೇಳಿದರೆ ‘ಮತ್ತೆ ಜರುಗಿದೆ’ ಎನ್ನುತ್ತಾರೆ. ಬಗ್ಗಬೇಡಿ, ಭಾರ ಎತ್ತಬೇಡಿ, ಇನ್ನು ಮುಂದೆ ತಿಂಗಳಿಗೊಮ್ಮೆಯಾದರೂ ಕೂರಿಸಿಕೊಳ್ಳುತ್ತಿರಬೇಕು ಎಂದಿದ್ದಾರೆ. ಬಗ್ಗದೆ ನನ್ನ ಕೆಲಸ ನಡೆಯುವುದು ಹೇಗೆ? ಈಗ ಕುತ್ತಿಗೆಯನ್ನೂ ಸರಿಮಾಡಬೇಕು ಎನ್ನುತ್ತಿದ್ದಾರೆ. ನನಗೆ ಕುತ್ತಿಗೆ ನೋವೇ ಇಲ್ಲ.

ಎಲುಬು ನಿಜಕ್ಕೂ ಹೀಗೆ ಪದೇ ಪದೇ ಜರುಗುತ್ತದೆಯೇ? ಮುಂದುವರಿಸಲೋ ಬಿಡಲೋ? ತಿಳಿದವರು ಹೇಳಿ.

ದಾರಿಹೋಕ:

ನನಗೂ ಇದೇ ಥರ ಆಗಿತ್ತು. ನನ್ನದು ಎಡಗಾಲಿನ ಪಾದದವರೆಗೂ ಇಳಿಯುತ್ತಿತ್ತು. ಕೈಯಲ್ಲಿ ಮಾಡುವವರ ಹತ್ತಿರ ಹೋದಮೇಲೆಯೇ ಕಡಿಮೆಯಾದದ್ದು. ಮಾತ್ರೆ ನುಂಗುತ್ತಾ ಕೂರುವುದಕ್ಕಿಂತ ಇದೇ ವಾಸಿ. ಆರಾಮ ಸಿಗುತ್ತಿದೆ ಅಂದಮೇಲೆ ಬಿಡಬೇಡಿ ಮೇಡಂ.

ಅಂಗೈ:

ನಾನು ಫಿಸಿಯೋಥೆರಪಿಸ್ಟ್. ಬೆನ್ನು, ಕುತ್ತಿಗೆ, ಭುಜದ ನೋವಿಗೆ ಕೈಯಿಂದ ಚಿಕಿತ್ಸೆ ಮಾಡುವುದೇ ನನ್ನ ದಿನದ ಕೆಲಸ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ನಿಮಗೆ ಕೆಲವು ಪ್ರಶ್ನೆ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದೆಯೇ? ತೊಡೆಗಳ ಒಳಭಾಗ, ಗುದದ್ವಾರದ ಸುತ್ತ ಮರಗಟ್ಟಿದಂತಿದೆಯೇ? ಕಾಲಿನ ಬಲ ಕುಗ್ಗುತ್ತಿದೆಯೇ, ನಡೆಯುವಾಗ ಪಾದ ನೆಲಕ್ಕೆ ತಾಗಿ ಎಳೆಯುತ್ತದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಇದನ್ನು ಓದುವುದು ಬಿಟ್ಟು ಆಸ್ಪತ್ರೆಗೆ ಹೊರಡಿ. ಬೆನ್ನುಹುರಿಯ ಕೆಳಗಿರುವ ನರಗಳ ಗೊಂಚಲು ಅದುಮಿಹೋದಾಗ ಹೀಗಾಗುತ್ತದೆ, ತಡಮಾಡಿದರೆ ಆ ನಷ್ಟ ಶಾಶ್ವತವಾಗಿ ಉಳಿಯಬಹುದು. ಕಾರಣವಿಲ್ಲದೆ ತೂಕ ಇಳಿದಿದ್ದರೆ, ಜ್ವರವಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ, ಜೋರಾಗಿ ಬಿದ್ದಿದ್ದರೆ, ಹೇಗೆ ಮಲಗಿದರೂ ತಗ್ಗದ ರಾತ್ರಿನೋವು ಇದ್ದರೆ, ಯಾರ ಕೈಯೂ ಬೆನ್ನಿನ ಮೇಲೆ ಬೀಳುವ ಮೊದಲು ವೈದ್ಯರು ಇನ್ನೊಮ್ಮೆ ನೋಡಬೇಕು.

ಇವೇನೂ ಇಲ್ಲವೆಂದುಕೊಂಡು ಮುಂದುವರಿಸುತ್ತೇನೆ.

ನಿಮ್ಮ ಎಲುಬು ಜರುಗಿಲ್ಲ. ಸೊಂಟದ ಎಲುಬು ಬೆನ್ನುಮೂಳೆಯ ಬುಡಕ್ಕೆ ಸೇರುವ ಕೀಲು ದೇಹದ ಅತ್ಯಂತ ಬಿಗಿಯಾದ ಕೀಲುಗಳಲ್ಲೊಂದು. ದಪ್ಪ ದಪ್ಪ ಅಸ್ಥಿರಜ್ಜುಗಳು ಅದನ್ನು ಮುಂದಿನಿಂದಲೂ ಹಿಂದಿನಿಂದಲೂ ಬಿಗಿದು ಹಿಡಿದಿರುತ್ತವೆ. ಅದು ಆಡುವುದೇ ಕೆಲವು ಡಿಗ್ರಿಯಷ್ಟು. ಬಟ್ಟೆ ಕತ್ತರಿಸಲು ಬಗ್ಗಿದ್ದಕ್ಕೆ ಜಾಗ ಬಿಡುವ ಕೀಲಲ್ಲ ಅದು. ನಿಜವಾಗಿ ಬಿಡಬೇಕಾದರೆ ವಾಹನ ಅಪಘಾತದಂಥ ಪೆಟ್ಟು ಬೇಕು, ಆಗ ನಡೆದುಕೊಂಡು ಚಿಕಿತ್ಸೆಗೆ ಬರಲು ಆಗುವುದಿಲ್ಲ. ಒತ್ತಿ ತಿರುವಿದಾಗ ಎಲುಬು ಹಿಂದಿನ ಜಾಗಕ್ಕೆ ಹೋಗುತ್ತದೆಯೇ ಎನ್ನುವುದನ್ನೂ ಅಳೆದು ನೋಡಿದ್ದಾರೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇದೇ ಕೀಲಿಗೆ ಮ್ಯಾನಿಪ್ಯುಲೇಷನ್ (ಹೀಗೆ ಒತ್ತಿ ತಿರುವುವುದು) ಮಾಡುವ ಮೊದಲು ಮತ್ತು ಮಾಡಿದ ಮೇಲೆ ಬಹಳ ನಿಖರವಾದ ಎಕ್ಸ್‌ರೇ ವಿಧಾನದಿಂದ ಅಳತೆ ತೆಗೆದರು. ಕೈಯಿಂದ ಮುಟ್ಟಿ ಪರೀಕ್ಷಿಸಿದವರಿಗೆ ಕೀಲು ಸರಿಹೋಯಿತು ಎನಿಸಿತ್ತು. ಎಕ್ಸ್‌ರೇಯಲ್ಲಿ ಅದರ ಸ್ಥಾನ ಬದಲಾಗಿರಲಿಲ್ಲ.

ಕಾಲು ಗಿಡ್ಡ ಎನ್ನುವುದೂ ಅಷ್ಟೇ. ಎರಡು ಕಾಲಿನ ಉದ್ದದಲ್ಲಿ ತುಸು ವ್ಯತ್ಯಾಸ ನಮ್ಮಲ್ಲಿ ಬಹುಮಂದಿಗೆ ಇದೆ, ಅದರಿಂದ ನೋವೇನೂ ಇರುವುದಿಲ್ಲ. ಮಲಗಿದಾಗ ಒಂದು ಕಡೆಯ ಸ್ನಾಯು ಬಿಗಿಯಾಗಿದ್ದರೂ ಹಿಮ್ಮಡಿಗಳು ಮೇಲೆ ಕೆಳಗೆ ಕಾಣುತ್ತವೆ. ಒಬ್ಬರನ್ನೇ ಇಬ್ಬರು ಚಿಕಿತ್ಸಕರು ಬೇರೆ ಬೇರೆಯಾಗಿ ಮುಟ್ಟಿ ನೋಡಿದರೆ ಯಾವ ಕಡೆ ಏರಿದೆ, ಯಾವ ಕಡೆ ಇಳಿದಿದೆ ಎಂಬುದರಲ್ಲಿ ಒಮ್ಮತ ಬರುವುದು ಕಷ್ಟ. ಈ ಪರೀಕ್ಷೆಗಳ ದೊಡ್ಡ ಕೊರತೆಯೇ ಅದು.

ಇನ್ನು ಆ ಲಟಕ್ ಶಬ್ದ. ಬೆರಳ ನೆಟಿಕೆ ಮುರಿದಾಗ ಬರುವುದೂ ಇದೇ. ಕೀಲಿನೊಳಗೆ ದ್ರವ ಇರುತ್ತದೆ, ಅದರಲ್ಲಿ ಅನಿಲ ಕರಗಿರುತ್ತದೆ. ಕೀಲನ್ನು ಎಳೆದಾಗ ಒಳಗಿನ ಒತ್ತಡ ಒಮ್ಮೆಲೇ ಕುಸಿದು ಅನಿಲದ ಗುಳ್ಳೆ ಏಳುತ್ತದೆ. 1971ರಲ್ಲಿ ಬೆರಳ ಕೀಲಿನ ಮೇಲೆ ಪ್ರಯೋಗ ಮಾಡಿದವರು ಗುಳ್ಳೆ ಒಡೆಯುವುದರಿಂದ ಶಬ್ದ ಬರುತ್ತದೆ ಎಂದರು. 2015ರಲ್ಲಿ ಎಂಆರ್‌ಐ ಒಳಗೇ ಬೆರಳು ಎಳೆದು ನೋಡಿದವರು ಗುಳ್ಳೆ ಮೂಡುವಾಗಲೇ ಶಬ್ದ ಬರುತ್ತದೆ ಎಂದರು. ಚರ್ಚೆ ಪೂರ್ತಿ ಮುಗಿದಿಲ್ಲ. ಎಲುಬು ಜಾಗಕ್ಕೆ ಕೂತ ಸದ್ದು ಎಂದು ಮಾತ್ರ ಇಬ್ಬರೂ ಹೇಳಿಲ್ಲ. ಒಮ್ಮೆ ಶಬ್ದ ಬಂದ ಕೀಲಿನಲ್ಲಿ ಸುಮಾರು ಇಪ್ಪತ್ತು ನಿಮಿಷ ಮತ್ತೆ ಬರುವುದಿಲ್ಲ, ಆಮೇಲೆ ಬರುತ್ತದೆ. ಅದಕ್ಕೇ ಪ್ರತಿ ಸಲ ಹೋದಾಗಲೂ ನಿಮಗೆ ಅದು ಕೇಳಿಸುತ್ತದೆ. ಶಬ್ದವೇ ಬರದ ನಿಧಾನದ ಒತ್ತುವಿಕೆಯಿಂದಲೂ ಜನಕ್ಕೆ ಇಷ್ಟೇ ಆರಾಮ ಸಿಗುವುದನ್ನು ದಿನಾ ನೋಡುತ್ತೇನೆ.

ಹಾಗಾದರೆ ಆ ಹಗುರ ಸುಳ್ಳೇ? ಖಂಡಿತ ಅಲ್ಲ. ಇದನ್ನು ಒತ್ತಿ ಹೇಳಬೇಕೆಂದೇ ಬರೆಯಲು ಕೂತದ್ದು. ಮೊಣಕೈ ಬಾಗಿಲಿಗೆ ತಗಲಿದ ಕೂಡಲೇ ನಾವೇ ಉಜ್ಜಿಕೊಳ್ಳುತ್ತೇವಲ್ಲ, ಉಜ್ಜಿದರೆ ನೋವು ಇಳಿಯುತ್ತದಲ್ಲ, ಅದರ ಹಿಂದಿರುವುದು ನರಗಳ ಕೆಲಸ. ಮುಟ್ಟುವಿಕೆ, ಒತ್ತಡ, ಎಳೆತದ ಸುದ್ದಿ ಹೊತ್ತು ಬರುವ ನರಗಳು ಬೆನ್ನುಹುರಿಯಲ್ಲೇ ನೋವಿನ ಸುದ್ದಿಯನ್ನು ತಗ್ಗಿಸಬಲ್ಲವು. ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು 1965ರಲ್ಲಿ ಈ ಸಿದ್ಧಾಂತವನ್ನು ಮುಂದಿಟ್ಟರು. ವಿವರಗಳು ಆಮೇಲೆ ಬಹಳ ತಿದ್ದುಪಡಿಯಾಗಿವೆ, ಮೂಲ ಯೋಚನೆ ಈಗಲೂ ನಿಂತಿದೆ. ಅದರ ಜತೆಗೆ ಮೆದುಳು ತಾನೇ ಕೆಳಗೆ ಕಳಿಸುವ ನೋವುತಡೆ ಇದೆ, ಬಿಗಿಹಿಡಿದ ಸ್ನಾಯು ಸಡಿಲಾಗುವುದಿದೆ, ‘ನನ್ನನ್ನು ಯಾರೋ ಗಮನವಿಟ್ಟು ನೋಡುತ್ತಿದ್ದಾರೆ’ ಎಂಬ ನೆಮ್ಮದಿಯೂ ಇದೆ. ಇವೆಲ್ಲ ಸೇರಿ ನಿಮ್ಮ ನೋವು ಆ ರಾತ್ರಿ ತಗ್ಗಿತು. ಆದರೆ ಇದು ನರಮಂಡಲದ ಸ್ಥಿತಿಯಲ್ಲಿ ಆದ ಬದಲಾವಣೆ, ಎಲುಬಿನ ಜಾಗದಲ್ಲಿ ಆದದ್ದಲ್ಲ. ಆದ್ದರಿಂದಲೇ ಅದು ಗಂಟೆಗಳು, ಹೆಚ್ಚೆಂದರೆ ಕೆಲವು ದಿನ ಉಳಿಯುತ್ತದೆ. ನೋವು ಮರಳಿತು ಎಂದರೆ ಏನೋ ಮತ್ತೆ ಜರುಗಿತು ಎಂದಲ್ಲ.

ನನಗೆ ಸಂಕಟವಾಗುವುದು ಎಲ್ಲಿ ಗೊತ್ತೇ? ‘ಜರುಗಿದೆ’ ಎಂಬ ಆ ಒಂದು ಮಾತಿನಲ್ಲಿ. ನನ್ನ ಹತ್ತಿರ ಬಂದಿದ್ದ ಶಿಕ್ಷಕಿಯೊಬ್ಬರು ವರ್ಷಗಟ್ಟಲೆ ಬೂಟಿನ ದಾರ ತಾವೇ ಕಟ್ಟಿಕೊಂಡಿರಲಿಲ್ಲ. ಬಗ್ಗಿದರೆ ಎಲುಬು ಜಾರುತ್ತದೆ ಎಂದು ಯಾರೋ ಹೇಳಿದ್ದರು. ನೆಲಕ್ಕೆ ಬಿದ್ದ ಪೆನ್ನು ಎತ್ತಲೂ ಮಕ್ಕಳನ್ನು ಕರೆಯುತ್ತಿದ್ದರು. ಬೆನ್ನಿನ ಸ್ನಾಯುಗಳು ಹಗಲಿಡೀ ಸೆಟೆದುಕೊಂಡಿದ್ದವು. ಆ ಸೆಟೆತವೇ ನೋವಿನ ದೊಡ್ಡ ಪಾಲಾಗಿತ್ತು. ಕೈಯಿಂದ ಮಾಡಿದ ಚಿಕಿತ್ಸೆ ಅವರಿಗೆ ಹಾನಿ ಮಾಡಿರಲಿಲ್ಲ, ಅದರ ಜತೆ ಕೊಟ್ಟ ವಿವರಣೆ ಮಾಡಿತ್ತು. ಬೆನ್ನು ಗಟ್ಟಿಯಾದ ಅಂಗ. ಬಗ್ಗಲು, ತಿರುಗಲು, ಭಾರ ಹೊರಲು ಇರುವುದೇ ಅದು. ಈ ಮಾತನ್ನು ಅವರಿಗೆ ಯಾರಾದರೂ ಮೊದಲ ದಿನವೇ ಹೇಳಬೇಕಿತ್ತು.

ಮುಂದುವರಿಸಬೇಕೇ ಎಂಬ ಪ್ರಶ್ನೆಗೆ ಬರುತ್ತೇನೆ. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಕೈಚಿಕಿತ್ಸೆಯನ್ನು ಒಪ್ಪುತ್ತದೆ, ಆದರೆ ವ್ಯಾಯಾಮವೂ ಸೇರಿದ ಚಿಕಿತ್ಸೆಯ ಭಾಗವಾಗಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೀರ್ಘಕಾಲದ ಸೊಂಟನೋವಿಗೆ ಹೊರತಂದ ಮಾರ್ಗಸೂಚಿಯಲ್ಲೂ ವ್ಯಾಯಾಮ, ತಿಳಿವಳಿಕೆಗಳ ಸಾಲಿನಲ್ಲೇ ಮ್ಯಾನಿಪ್ಯುಲೇಷನ್ ಮತ್ತು ಮಸಾಜ್ ಇವೆ. ಬರಿಯ ಆಸ್ಟಿಯೋಪತಿಯನ್ನೇ ನೋಡುವುದಾದರೆ, ಫ್ರಾನ್ಸ್‌ನಲ್ಲಿ 400 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆ ಇದೆ. ಅರ್ಧ ಜನಕ್ಕೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಹಗುರವಾಗಿ ಮುಟ್ಟುವುದಷ್ಟೇ. ಮೂರು ತಿಂಗಳಿಗೆ ನಿಜವಾದ ಚಿಕಿತ್ಸೆ ಪಡೆದವರು ದಿನನಿತ್ಯದ ಚಟುವಟಿಕೆಯಲ್ಲಿ ತುಸು ಮುಂದಿದ್ದರು, ಆದರೆ ನೂರು ಅಂಕದ ಅಳತೆಯಲ್ಲಿ ಆ ವ್ಯತ್ಯಾಸ ಮೂರು ಚಿಲ್ಲರೆ ಅಂಕ. ಬದುಕಿನಲ್ಲಿ ಗೊತ್ತಾಗುವಷ್ಟು ದೊಡ್ಡದಲ್ಲ ಎಂದು ಸಂಶೋಧಕರೇ ಅನುಮಾನಪಟ್ಟರು.

ಹಾಗಾಗಿ ನನ್ನ ಸಲಹೆ ಇಷ್ಟು: ಬೇಕಿದ್ದರೆ ಇನ್ನೂ ಕೆಲವು ಸಲ ಹೋಗಿ, ಆದರೆ ನೋವು ತಗ್ಗಿರುವ ಆ ಒಂದೆರಡು ದಿನವನ್ನು ಸುಮ್ಮನೆ ಕಳೆಯಬೇಡಿ. ಬೆನ್ನಿಗೆ ಬಲ ತುಂಬುವ ಕೆಲಸಕ್ಕೆ ಬಳಸಿಕೊಳ್ಳಿ. ಕೈಚಿಕಿತ್ಸೆಯಿಂದ ಆಗುವ ದೊಡ್ಡ ಉಪಯೋಗ ಅದೇ. ‘ಜೀವನಪೂರ್ತಿ ತಿಂಗಳಿಗೊಮ್ಮೆ’ ಎಂಬುದಕ್ಕೆ ಒಪ್ಪಬೇಡಿ.

ಕುತ್ತಿಗೆಯ ಮಾತು. ನೋವೇ ಇಲ್ಲದ ಕುತ್ತಿಗೆಯನ್ನು ಯಾರೂ ತಿರುವಿ ಲಟಕ್ಕೆನಿಸುವುದು ಬೇಡ. ಮೆದುಳಿಗೆ ರಕ್ತ ಒಯ್ಯುವ ಎರಡು ಅಪಧಮನಿಗಳು ಕುತ್ತಿಗೆಯ ಮೂಳೆಗಳ ರಂಧ್ರಗಳ ಮೂಲಕವೇ ಮೇಲೇರುತ್ತವೆ. ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಪರೂಪ, ನಿಜ. ಆಗಲೇ ಹರಿಯತೊಡಗಿದ್ದ ಅಪಧಮನಿಯ ನೋವಿಗೇ ಕೆಲವರು ಚಿಕಿತ್ಸೆಗೆ ಹೋಗಿರಬಹುದು ಎಂಬ ವಾದವೂ ಇದೆ. ಆದರೂ ಏನೂ ಲಾಭವಿಲ್ಲದ ಕಡೆ ಸಣ್ಣ ಅಪಾಯವನ್ನಾದರೂ ಏಕೆ ಹೊರಬೇಕು? ‘ಕುತ್ತಿಗೆ ಬೇಡ’ ಎಂದು ಹೇಳುವ ಹಕ್ಕು ನಿಮ್ಮದು. ಕಾರಣ ಕೊಡಬೇಕಾಗಿಲ್ಲ.

ಬೇರುಚಿಗುರು:

ನಾನು ಆಸ್ಟಿಯೋಪತಿ ಕಲಿತವನು. ಅಂಗೈ ಅವರು ಹೇಳಿದ ಹೆಚ್ಚಿನದನ್ನು ಒಪ್ಪುತ್ತೇನೆ, ಆದರೆ ಓದಿದವರು ಆಸ್ಟಿಯೋಪತಿ ಎಂದರೆ ಲಟಕ್ಕೆನಿಸುವುದು ಎಂದುಕೊಳ್ಳಬಾರದು. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ಅಮೆರಿಕದ ವೈದ್ಯ 1874ರಲ್ಲಿ ಈ ಪದ್ಧತಿಯನ್ನು ಮುಂದಿಟ್ಟು, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದ. ಆ ಕಾಲದ ಔಷಧಗಳಲ್ಲಿ ಪಾದರಸದಂಥ ವಿಷಗಳೇ ಇದ್ದವು. ದೇಹಕ್ಕೆ ತಾನೇ ಗುಣವಾಗುವ ಶಕ್ತಿ ಇದೆ, ಅದಕ್ಕೆ ಕೈ ಜೋಡಿಸೋಣ ಎಂಬುದು ಅವನ ದಾರಿ. ಒತ್ತಿ ತಿರುವುವುದು ನಮ್ಮ ಹಲವು ವಿಧಾನಗಳಲ್ಲಿ ಒಂದು ಮಾತ್ರ. ರೋಗಿಯೇ ಮೆಲ್ಲಗೆ ಒತ್ತುತ್ತಿರುವಾಗ ನಾವು ತಡೆಹಿಡಿದು, ಬಿಟ್ಟಕೂಡಲೇ ಸ್ನಾಯುವನ್ನು ಇನ್ನಷ್ಟು ಉದ್ದಕ್ಕೆ ಒಯ್ಯುವ ವಿಧಾನ ಇದೆ, ಮೃದು ಅಂಗಾಂಶಗಳ ಮೇಲೆ ನಿಧಾನವಾಗಿ ಕೆಲಸ ಮಾಡುವುದಿದೆ. ನಾನು ವ್ಯಾಯಾಮ ಹೇಳಿಕೊಡದೆ ಯಾರನ್ನೂ ಕಳಿಸುವುದಿಲ್ಲ. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಡಿ ನೋಂದಣಿಯಿಲ್ಲದೆ ಆಸ್ಟಿಯೋಪತ್ ಎಂದು ಹೇಳಿಕೊಳ್ಳುವಂತಿಲ್ಲ. ಒಬ್ಬರ ಮಾತಿನಿಂದ ಇಡೀ ಪದ್ಧತಿಯನ್ನು ಅಳೆಯುವುದು ನ್ಯಾಯವಲ್ಲ.

ಅಂಗೈ:

ಬೇರುಚಿಗುರು ಅವರೇ, ನ್ಯಾಯವಾದ ಮಾತು. ರೋಗಿಯ ಬಲವನ್ನೇ ಬಳಸುವ ಆ ವಿಧಾನವನ್ನು ನಾನೂ ದಿನಾ ಬಳಸುತ್ತೇನೆ, ಅದು ನಮಗೆ ಬಂದದ್ದು ನಿಮ್ಮ ಕಡೆಯಿಂದಲೇ. ನಿಮ್ಮಂತೆ ವ್ಯಾಯಾಮ ಹೇಳಿಕೊಡುವವರು ಸಿಕ್ಕಿದ್ದರೆ ಸಂಜೆಗೆಂಪು ಅವರು ಈ ಪ್ರಶ್ನೆ ಕೇಳುವ ಅಗತ್ಯವೇ ಇರಲಿಲ್ಲ. ಒಂದು ವಿಷಯ ಮಾತ್ರ ಓದುಗರಿಗೆ ತಿಳಿದಿರಲಿ: ಅಮೆರಿಕದಲ್ಲಿ ಆಸ್ಟಿಯೋಪತಿ ಪದವಿ ಪಡೆದವರು ಪೂರ್ಣ ಪ್ರಮಾಣದ ವೈದ್ಯರು, ಔಷಧ ಬರೆಯುತ್ತಾರೆ, ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ. ಬೇರೆ ಹಲವೆಡೆ ಅದೇ ಹೆಸರಿನವರು ವೈದ್ಯರಲ್ಲ, ಕೆಲವೆಡೆ ಯಾವ ನೋಂದಣಿಯೂ ಬೇಕಿಲ್ಲ. ಆದ್ದರಿಂದ ಹೆಸರು ನೋಡಿ ನಂಬದೆ ಎಲ್ಲಿ, ಎಷ್ಟು ವರ್ಷ ಕಲಿತಿರಿ ಎಂದು ನೇರವಾಗಿ ಕೇಳಬೇಕು. ತಲೆಬುರುಡೆಯ ಮೂಳೆಗಳ ಲಯವನ್ನು ಬೆರಳಿನಿಂದ ಹಿಡಿದು ಸರಿಪಡಿಸುತ್ತೇವೆ ಎನ್ನುವ ಶಾಖೆಯನ್ನು ನಾನು ಒಪ್ಪಲಾರೆ. ಆ ಲಯವನ್ನು ಇಬ್ಬರು ಪರೀಕ್ಷಕರು ಒಂದೇ ರೀತಿ ಗುರುತಿಸಿ ತೋರಿಸಲು ಆಗಿಲ್ಲ.

ಸಂಜೆಗೆಂಪು:

ಎಲ್ಲರಿಗೂ ತುಂಬಾ ಧನ್ಯವಾದ. ನೀವು ಕೇಳಿದ ಅಪಾಯದ ಲಕ್ಷಣ ಯಾವುದೂ ನನಗಿಲ್ಲ. ಜೋಮು ಇಲ್ಲ, ಕಾಲಿನ ಬಲ ಸರಿಯಿದೆ. ಕುತ್ತಿಗೆ ಬೇಡವೆಂದು ಫೋನಿನಲ್ಲೇ ಹೇಳಿಬಿಟ್ಟೆ. ಶಿಕ್ಷಕಿಯ ಕಥೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನೂ ಬಟ್ಟೆಯ ಥಾನು ಎತ್ತುವುದನ್ನೇ ಬಿಟ್ಟಿದ್ದೇನೆ. ಈಗ ಶುರುಮಾಡುವುದು ಎಲ್ಲಿಂದ? ವ್ಯಾಯಾಮ ಮಾಡುವಾಗ ನೋವಾದರೆ ಒಳಗೆ ಏನೋ ಹಾಳಾಗುತ್ತಿದೆ ಎಂದು ಹೆದರಿಕೆಯಾಗುತ್ತದೆ. ಎಂಆರ್‌ಐ ಮಾಡಿಸಿಬಿಡಲೇ?

ಅಂಗೈ:

ಎಂಆರ್‌ಐ ಈಗ ಬೇಡ ಎನ್ನುವುದು ನನ್ನ ಅಭಿಪ್ರಾಯ. ಲಕ್ಷಣ ಬದಲಾದರೆ ನಿಮ್ಮ ವೈದ್ಯರೇ ಹೇಳುತ್ತಾರೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ 2015ರ ಪರಿಶೀಲನೆಯೊಂದರಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆತ ಕಂಡಿತ್ತು, ಎಂಬತ್ತರವರಲ್ಲಿ ಶೇ. 96 ಮಂದಿಗೆ. ಕೂದಲು ನರೆಯುವಂತೆ ಅದೂ ವಯಸ್ಸಿನ ಗುರುತು. ವರದಿಯಲ್ಲಿ ‘ಸವೆತ’ ಎಂಬ ಪದ ನೋಡಿ ನಿಮ್ಮ ಹೆದರಿಕೆ ಇಮ್ಮಡಿಯಾಗುವುದು ನನಗೆ ಇಷ್ಟವಿಲ್ಲ.

ನೋವಿಗೆ ಒಂದು ಅಳತೆ ಇಟ್ಟುಕೊಳ್ಳಿ. ವ್ಯಾಯಾಮದ ಹೊತ್ತಿನಲ್ಲಿ ಸಹಿಸಬಹುದಾದಷ್ಟು ನೋವು ಬಂದು, ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸರಿಯಾಗಿಯೇ ಮಾಡುತ್ತಿದ್ದೀರಿ. ಮರುದಿನವೂ ಏರಿಯೇ ಇದ್ದರೆ ಪ್ರಮಾಣ ಕಡಿಮೆ ಮಾಡಿ, ನಿಲ್ಲಿಸಬೇಡಿ. ನೋವು ಮೊಣಕಾಲಿನ ಕೆಳಕ್ಕೆ ಇಳಿಯತೊಡಗಿದರೆ ಮಾತ್ರ ನಿಲ್ಲಿಸಿ ತೋರಿಸಿ.

ಬೆಳಗಿನ ಬಿಗಿತಕ್ಕೆ, ಏಳುವ ಮೊದಲು ಹಾಸಿಗೆಯಲ್ಲೇ ಒಂದೊಂದಾಗಿ ಮೊಣಕಾಲನ್ನು ಎದೆಯ ಕಡೆ ತನ್ನಿ, ಮಡಿಸಿದ ಎರಡೂ ಮೊಣಕಾಲನ್ನು ಅತ್ತ ಇತ್ತ ಮೆಲ್ಲಗೆ ಒರಗಿಸಿ. ಬೆನ್ನಿಗೆ ಬಲ ಬರಲು, ಬೆನ್ನ ಮೇಲೆ ಮಲಗಿ ಪಾದ ಊರಿ ಸೊಂಟ ಎತ್ತುವುದರಿಂದ ಶುರುಮಾಡಿ. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಅದು ಸಲೀಸಾದಾಗ ಥಾನಿಗೆ ಬನ್ನಿ: ಮೊದಲು ಸಣ್ಣ ತುಂಡು, ಮೇಜಿನ ಎತ್ತರದಿಂದ; ಕೆಲವು ವಾರಗಳಲ್ಲಿ ದೊಡ್ಡದು, ನೆಲದಿಂದ. ನೀವು ಬಿಟ್ಟ ಕೆಲಸವೇ ನಿಮ್ಮ ವ್ಯಾಯಾಮ. ಇದರ ಜತೆ ದಿನಾ ನಡಿಗೆ. ಇವನ್ನು ಚಿಕಿತ್ಸೆ ಮಾಡಿಸಿದ ಮರುದಿನವೇ ಶುರುಮಾಡಿ, ಆಗ ದೇಹ ಹೆಚ್ಚು ಒಪ್ಪಿಕೊಳ್ಳುತ್ತದೆ.

ಕಟಿಂಗ್ ಟೇಬಲ್ ತಗ್ಗಾಗಿದ್ದರೆ ಅದರ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು, ನಿಂತಾಗ ನಿಮ್ಮ ಮೊಣಕೈಗಿಂತ ತುಸು ಕೆಳಗೆ ಬರುವಷ್ಟು ಎತ್ತರಿಸಿ. ಇಡೀ ಬೆಳಿಗ್ಗೆ ಕಟಿಂಗ್, ಇಡೀ ಸಂಜೆ ಮೆಷಿನ್ ಎಂದು ಮಾಡದೆ ಎರಡನ್ನೂ ಬೆರೆಸಿ. ಪೆಡಲ್ ಬಲಗಾಲಿನಲ್ಲೇ ಒತ್ತುತ್ತೀರಾದರೆ ಅದನ್ನು ಹತ್ತಿರಕ್ಕೆ ಎಳೆದುಕೊಳ್ಳಿ. ಕಾಲು ಚಾಚಿ ಒತ್ತುವಾಗ ಭಾರ ಒಂದೇ ಕಡೆ ಬೀಳುತ್ತದೆ.

ಈಗ ಹೋಗುತ್ತಿರುವವರ ಹತ್ತಿರವೇ ಹೋಗುವುದಾದರೆ, ‘ಎಷ್ಟು ಸಲದಲ್ಲಿ ಬದಲಾವಣೆ ಕಾಣಬೇಕು, ಕಾಣದಿದ್ದರೆ ಮುಂದೇನು, ನಾನು ಮನೆಯಲ್ಲಿ ಏನು ಮಾಡಬೇಕು’ ಎಂದು ಕೇಳಿ. ಈ ಮೂರಕ್ಕೂ ಸ್ಪಷ್ಟ ಉತ್ತರ ಸಿಕ್ಕರೆ ಉಳಿಯಿರಿ.

ದಾರಿಹೋಕ:

ನನ್ನದೂ ಒಂದು ಪ್ರಶ್ನೆ. ಕಾಲುನೋವು ಹೋಗಿದ್ದರೂ ಸೊಂಟದ ಬೆಲ್ಟ್ ಇನ್ನೂ ಹಾಕಿಕೊಳ್ಳುತ್ತಿದ್ದೇನೆ. ಬಿಡಬಹುದೇ?

ಅಂಗೈ:

ಬಿಡಿ. ಒಮ್ಮೆಲೇ ಧೈರ್ಯ ಬರದಿದ್ದರೆ ಮೊದಲು ಮನೆಯಲ್ಲಿ ಬಿಚ್ಚಿಡಿ, ಆಮೇಲೆ ಹೊರಗೆ. ನಾನು ಮೇಲೆ ಹೇಳಿದ 2023ರ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ಬೆಲ್ಟ್ ಬೇಡ ಎಂದೇ ಹೇಳುತ್ತದೆ. ಹಾಗೆಯೇ, ಕಾಲಿಗೆ ಇಳಿಯುವ ನೋವು ಬಹುಮಂದಿಗೆ ತಿಂಗಳುಗಳಲ್ಲಿ ತಾನಾಗಿಯೇ ತಗ್ಗುತ್ತದೆ, ಹೊರಬಂದ ಡಿಸ್ಕಿನ ಭಾಗವನ್ನು ದೇಹವೇ ಕರಗಿಸಿಕೊಳ್ಳುವುದೂ ಉಂಟು. ನಿಮ್ಮ ಚೇತರಿಕೆಯಲ್ಲಿ ಆ ಕೈಗಳದ್ದೂ ಪಾಲಿರಬಹುದು, ನಿಮ್ಮ ದೇಹದ್ದು ಅದಕ್ಕಿಂತ ದೊಡ್ಡ ಪಾಲು.